ಎರಿ ಹೊಲದ ಹೊಂಡಕ್ಕೆ ಸುಣ್ಣ ಯಾಕೆ?

ಹೊಂಡದಾಗ ನಾಕು ಮೀನು ಬಿಡಬೇಕು ಅಂದವರಿಗೆ ನಮ್ಮ ಕಡೆ ಮೊದಲು ಸಿಗುವ ಉಪದೇಶ ಒಂದೇ: 'ಸುಣ್ಣ ಹಾಕ್ರಿ.' ಕೈಪಿಡಿಯಲ್ಲಿ ಅದೇ ಇರುತ್ತದೆ. ತರಬೇತಿಯಲ್ಲಿ ಅದನ್ನೇ ಹೇಳುತ್ತಾರೆ. ಮೀನುಮರಿ ತಂದುಕೊಡುವವನೂ ಅದನ್ನೇ ಹೇಳಿ ಹೋಗುತ್ತಾನೆ. ಲೆಕ್ಕ ಹೆಕ್ಟೇರಿಗೆ 200ರಿಂದ 250 ಕಿಲೋ. ಕರಾವಳಿಯ, ಮಲೆನಾಡಿನ ಹುಳಿ ಮಣ್ಣಿಗೂ ಅಷ್ಟೇ, ರೋಣ-ನರಗುಂದದ ಎರಿ ಹೊಲಕ್ಕೂ ಅಷ್ಟೇ. ಈ ಮಾತು ನಮಗೆ ಹೊಂದುವುದಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೃಷಿ ಭಾಗ್ಯ ಯೋಜನೆ 2014-15ರಲ್ಲಿ ಶುರುವಾದಾಗಿನಿಂದ ನಮ್ಮ ಒಣ ಬೇಸಾಯದ ಊರುಗಳಲ್ಲಿ ಹೊಂಡಗಳು ಹೆಚ್ಚಾದವು. ನಡುವೆ ಯೋಜನೆ ಸೊರಗಿತು, 2023-24ರಲ್ಲಿ ಮತ್ತೆ ಜೀವ ಬಂತು. ಹೊಲದ ಹೊಂಡ ನೋಡಿ ಕೆಲವರು ಮನೆ ಹಿತ್ತಲದಾಗೂ ಸಣ್ಣ ಹೊಂಡ ತೋಡಿಸಿದ್ದಾರೆ. ನೀರು ನಿಂತ ಮೇಲೆ ಮೀನು ಬಿಡುವ ಆಸೆ ಬರುವುದು ಸಹಜ. ನಮ್ಮ ಕಡೆ ಮೀನು ತಿನ್ನದ ಮನಿಗಳು ಬಹಳ. ಆದರೂ ಮಾರಿದರೆ ಒಂದಿಷ್ಟು ರೊಕ್ಕ ಬರ್ತೈತಿ, ಸೊಳ್ಳಿ ಮರಿ ತಿಂದು ಹಾಕ್ತಾವು ಅಂತ ಬಿಡುತ್ತಾರೆ. ತಪ್ಪೇನಿಲ್ಲ. ಆದರೆ ಮೀನು ಸತ್ತು ತೇಲಿದಾಗ ಮಾತ್ರ 'ನಮ್ಮ ನೀರು ಸವಳು, ನಮ್ಮ ನಸೀಬು ಇಷ್ಟ' ಅಂತ ಕೈ ತೊಳಕೊಳ್ಳುತ್ತಾರೆ. ಸತ್ತದ್ದು ಸವಳಿನಿಂದಲೋ, ಸುಣ್ಣದಿಂದಲೋ, ಗೊಬ್ಬರ ಹೆಚ್ಚಾಗಿಯೋ ಯಾರೂ ನೋಡುವುದಿಲ್ಲ. ಯಾಕಂದ್ರ ಯಾರೂ ನೀರು ಅಳೆದಿರುವುದಿಲ್ಲ.

ಸವಳು ಅನ್ನುವುದು ಒಂದಲ್ಲ, ಮೂರು

ನಮ್ಮ ಮಂದಿ ಕೆಟ್ಟ ನೀರಿಗೆಲ್ಲ 'ಸವಳು' ಅಂತ ಒಂದೇ ಹೆಸರು ಇಟ್ಟಿದ್ದೇವೆ. ನಿಜವಾಗಿ ಅದರಲ್ಲಿ ಮೂರು ಬೇರೆ ಬೇರೆ ಗುಣ ಇದ್ದಾವೆ.

ಒಂದು, ಉಪ್ಪು. ನಾಲಿಗಿಗೆ ತಿಳಿಯುವುದು ಇದು. ನೀರು ಆರಿದ ಮೇಲೆ ನೆಲದ ಮ್ಯಾಲೆ ಬಿಳಿ ಪುಡಿ ಏಳುತ್ತದೆ.

ಎರಡು, ಗಡಸುತನ. ಸುಣ್ಣದ ಅಂಶ, ಮೆಗ್ನೀಸಿಯಂ ಅಂಶ ಹೆಚ್ಚಿದ್ದರೆ ಬ್ಯಾಳಿ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ. ಇದು ಮನೆಯ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಮೂರು, ಕ್ಷಾರ. ಇದು ಸೋಡಾ ಜಾತಿಯದು. ಇಂಥ ನೀರು ಮುಟ್ಟಿದರೆ ಜಾರಿದಂತೆ ಆಗಬಹುದು, ಸಬಕಾರ ಚಲೋ ನೊರೆ ಬಿಡಬಹುದು, ಆದರೆ ಹೊಲಕ್ಕೆ ಬಿಟ್ಟರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ.

ಈ ಮೂರೂ ಒಂದೇ ಬಾವಿಯಲ್ಲಿ ಇರಬಹುದು, ಒಂದು ಇದ್ದು ಇನ್ನೊಂದು ಇಲ್ಲದೆಯೂ ಇರಬಹುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಹೊಟ್ಟೆನೋವಿಗೂ ಹಲ್ಲುನೋವಿಗೂ ಒಂದೇ ಗುಳಿಗಿ ಕೊಟ್ಟ ಹಾಗೆ ಆಗುತ್ತದೆ. ಮೀನಿನ ಮಟ್ಟಿಗೆ ಹೇಳುವುದಾದರೆ ಅಲ್ಪಸ್ವಲ್ಪ ಉಪ್ಪನ್ನು ಗೆಂಡೆ ಜಾತಿಯ ಮೀನು ತಡೆದುಕೊಳ್ಳುತ್ತವೆ. ಲೀಟರಿಗೆ ಎರಡು-ಮೂರು ಗ್ರಾಂ ಉಪ್ಪಿದ್ದರೂ ಸಾಮಾನ್ಯ ಗೆಂಡೆ ಬದುಕುತ್ತದೆ. ಆ ನೀರು ಮೆಣಸಿನಗಿಡಕ್ಕೆ ಆಗಲಿಕ್ಕಿಲ್ಲ, ಮೀನಿಗೆ ಆಗುತ್ತದೆ. ಅಂದರೆ 'ಬೆಳಿಗೆ ಆಗದ ನೀರು ಮೀನಿಗೂ ಆಗೂದಿಲ್ಲ' ಅನ್ನುವುದು ತಪ್ಪು. ಮೀನು ತಡೆಯಲಾರದ್ದು ಕ್ಷಾರ ಮೇಲೇರುವುದನ್ನು. ಅದನ್ನು ಅಳೆಯುವ ಅಂಕಿಗೇ ರಸಸಾರ ಅಥವಾ ಪಿಎಚ್ ಎನ್ನುತ್ತಾರೆ.

ರಸಸಾರದ ಅಂಕಿ

ಅಂಕಿ ಸೊನ್ನೆಯಿಂದ 14ರವರೆಗೆ. 7 ಅಂದರೆ ಅತ್ತ ಹುಳಿಯೂ ಅಲ್ಲ, ಇತ್ತ ಕ್ಷಾರವೂ ಅಲ್ಲ. ಕೆಳಗೆ ಹೋದಂತೆ ಹುಳಿ, ಮೇಲೆ ಹೋದಂತೆ ಕ್ಷಾರ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವುಗಳಿಗೆ 7ರಿಂದ 8.5 ಹದ. 6.5ರಿಂದ 9ರೊಳಗೆ ತಡೆದುಕೊಳ್ಳುತ್ತವೆ. 9 ದಾಟಿ ಬಹಳ ಹೊತ್ತು ನಿಂತರೆ ಬೆಳವಣಿಗೆ ಕುಂದುತ್ತದೆ. 11 ಮುಟ್ಟಿದರೆ ಉಳಿಯುವುದಿಲ್ಲ.

ಇಲ್ಲಿ ಒಂದು ಮಾತು ನೆನಪಿಡಬೇಕು. 8ಕ್ಕೂ 9ಕ್ಕೂ ವ್ಯತ್ಯಾಸ ಒಂದೇ ಅಂಕಿ ಅಂತ ತಿಳಿಯಬ್ಯಾಡ್ರಿ. ಒಂದು ಅಂಕಿ ಅಂದರೆ ಹತ್ತು ಪಟ್ಟು. 8ರಿಂದ 10ಕ್ಕೆ ಹೋದರೆ ನೂರು ಪಟ್ಟು. ಅದಕ್ಕೇ '8 ಇತ್ತು, 9 ಆಗೇತಿ, ಏನಾದೀತು' ಅಂತ ಸುಮ್ಮನೆ ಕೂಡುವ ಹಾಗಿಲ್ಲ.

ನಮ್ಮ ಎರಿ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಮೇಲೆ ಇರುತ್ತದೆ. ಮಣ್ಣಿನೊಳಗೆ ಸುಣ್ಣದ ಹರಳು ಕಣ್ಣಿಗೇ ಕಾಣುತ್ತವೆ. ಒಂದು ಹೆಂಟೆ ಪುಡಿ ಮಾಡಿ ಲಿಂಬಿ ರಸ ಹಿಂಡಿ ನೋಡ್ರಿ, ಸುಣ್ಣ ಇದ್ದರೆ ಸಣ್ಣಗೆ ಬುರುಗು ಏಳುತ್ತದೆ. ಇಂಥ ಮಣ್ಣಿನೊಳಗೆ ತೋಡಿದ ಹೊಂಡಕ್ಕೆ ಮತ್ತೆ ಸುಣ್ಣ ಹೊತ್ತುಕೊಂಡು ಹೋಗುವುದು ಹೊಳಿಗೆ ನೀರು ಹೊತ್ತ ಹಾಗೆ.

ಮುಂಜಾನೆ ಒಂದು, ಮಧ್ಯಾಹ್ನ ಒಂದು

ನೀರು ಪರೀಕ್ಷೆ ಮಾಡಿಸಿದೆ, 8.2 ಬಂತು ಅನ್ನುತ್ತಾರೆ. ಯಾವ ಹೊತ್ತಿನ ನೀರು ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಹೊಂಡದ ರಸಸಾರ ದಿನವೆಲ್ಲ ಒಂದೇ ಇರುವುದಿಲ್ಲ.

ಹೊಂಡದ ಹಸಿರು ಅಂದರೆ ಸಣ್ಣ ಪಾಚಿ. ಅದು ಬಿಸಿಲಿನಲ್ಲಿ ಉಸಿರಿನ ಹೊಲಸು ಗಾಳಿಯನ್ನು, ಅಂದರೆ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆ ಗಾಳಿ ನೀರಿನಲ್ಲಿದ್ದಾಗ ಸಣ್ಣ ಹುಳಿಯಂತೆ ಕೆಲಸ ಮಾಡುತ್ತಿರುತ್ತದೆ. ಅದು ತೆಗೆದುಹೋದಂತೆ ನೀರು ಕ್ಷಾರದ ಕಡೆ ಏರುತ್ತದೆ. ಮಧ್ಯಾಹ್ನ ಮೂರು-ನಾಕರ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಇರುತ್ತದೆ. ರಾತ್ರಿ ಪಾಚಿಯೂ ಮೀನೂ ಉಸಿರು ಬಿಡುತ್ತವೆ, ಗಾಳಿ ಮತ್ತೆ ಸೇರುತ್ತದೆ, ರಸಸಾರ ಇಳಿಯುತ್ತದೆ. ಹೊತ್ತು ಮೂಡುವ ಮುಂಚೆ ಎಲ್ಲಕ್ಕಿಂತ ಕೆಳಗೆ. ಮುಂಜಾನೆ 7.8 ಇದ್ದ ಹೊಂಡ ಮಧ್ಯಾಹ್ನ 9.5 ಆಗಬಹುದು. ಆದ್ದರಿಂದ ಅಳೆಯುವುದಾದರೆ ಎರಡು ಸಲ ಅಳೆಯಬೇಕು, ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ. ಎರಡರ ನಡುವಿನ ಅಂತರವೇ ಹೊಂಡದ ಆರೋಗ್ಯ ಹೇಳುತ್ತದೆ.

ಮೇಲೇರಿದ ರಸಸಾರ ಇನ್ನೊಂದು ವಿಷವನ್ನೂ ಎಬ್ಬಿಸುತ್ತದೆ. ಮೀನಿನ ಹೇಲು, ಉಳಿದ ತಿನಿಸು, ಸಗಣಿ, ಯೂರಿಯಾ ಇವೆಲ್ಲ ಕೊಳೆತು ಅಮೋನಿಯಾ ಆಗುತ್ತವೆ. ಅದರ ಎಲ್ಲ ಪಾಲೂ ವಿಷವಲ್ಲ. 25 ಡಿಗ್ರಿ ಶಾಖದಲ್ಲಿ ರಸಸಾರ 7 ಇದ್ದಾಗ ನೂರರಲ್ಲಿ ಅರ್ಧ ಪಾಲಿನಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ. 8ಕ್ಕೆ ನೂರರಲ್ಲಿ 5 ಪಾಲು. 9ಕ್ಕೆ ಸುಮಾರು 35 ಪಾಲು. ಹಾಕಿದ ಗೊಬ್ಬರ ಅಷ್ಟೇ, ಮೀನು ಅಷ್ಟೇ, ಆದರೆ ವಿಷ ಮಾತ್ರ ಏಳು ಪಟ್ಟು. ಹಸಿರು ಕಟ್ಟಿದ ಹೊಂಡಕ್ಕೆ 'ಮೀನು ಬೆಳೀಲಿ' ಅಂತ ಮ್ಯಾಲೆ ಯೂರಿಯಾ ಚೆಲ್ಲುವುದು ಯಾಕೆ ಅಪಾಯ ಅನ್ನುವುದು ಇದರಿಂದ ತಿಳಿಯುತ್ತದೆ.

ಹಾಗಂತ ಮೀನು ಸತ್ತಾಗೆಲ್ಲ ರಸಸಾರವನ್ನೇ ದೂರಬಾರದು. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಉಸಿರಿನ ಕೊರತೆ. ಆಗ ಪಂಪು ಹಚ್ಚಿ ಹೊಂಡದ ನೀರನ್ನೇ ಮೇಲಿಂದ ಹೊಂಡಕ್ಕೆ ಚಿಮ್ಮಿಸಬೇಕು. ಬಿಸಿಲು ಹೊತ್ತಿನಲ್ಲಿ ಮೀನು ಹುಚ್ಚುಹುಚ್ಚಾಗಿ ಓಡಾಡಿ ದಂಡೆಗೆ ಬಂದು ಬಿದ್ದರೆ ರಸಸಾರ, ಅಮೋನಿಯಾ ಮೇಲೆ ಸಂಶಯ ಪಡಬೇಕು.

ಸುಣ್ಣದ ಲೆಕ್ಕ

ಈಗ ಸುಣ್ಣಕ್ಕೆ ಬರೋಣ. ನಾನು ಸುಣ್ಣದ ವೈರಿ ಅಲ್ಲ. ಹುಳಿ ಮಣ್ಣಿನ ಸೀಮೆಯಲ್ಲಿ ಸುಣ್ಣ ಹಾಕದೆ ಮೀನು ಬೆಳೆಯುವುದೇ ಕಷ್ಟ. ಅಲ್ಲಿಗೆ ಬರೆದ ಮಾತು ಅಲ್ಲಿಗೆ ಸರಿ. ನಮಗೆ ಅದರಿಂದ ಏನಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಕೃಷಿ ಹೊಂಡದ ಒಂದು ಅಳತೆ 21 ಮೀಟರು ಉದ್ದ, 21 ಅಗಲ, 3 ಆಳ. ದಂಡೆ ಇಳಿಜಾರು ಬಿಟ್ಟು ತೋಡಿದರೆ ಕೆಳಗಿನ ತಳ 15ಕ್ಕೆ 15 ಆಗುತ್ತದೆ. ತುಂಬಿದಾಗ ಸುಮಾರು ಒಂಬತ್ತು ಲಕ್ಷ ಎಂಬತ್ತು ಸಾವಿರ ಲೀಟರ್ ನೀರು. ಮೇಲಿನ ಜಾಗ ನಾಕು ಗುಂಟೆಯ ಮೇಲೆ ಸ್ವಲ್ಪ. ಹೆಕ್ಟೇರಿಗೆ 200-250 ಕಿಲೋ ಅಂದರೆ ಈ ಹೊಂಡಕ್ಕೆ ಸುಮಾರು 10 ಕಿಲೋ ಸುಣ್ಣ. ತುಂಬಿದ ಹೊಂಡದಲ್ಲಿ ಅದು ಲೀಟರಿಗೆ 10 ಮಿಲಿಗ್ರಾಂ. ಮೊದಲೇ ಕ್ಷಾರ ತುಂಬಿದ ನೀರಿಗೆ ಇದು ಲೆಕ್ಕಕ್ಕಿಲ್ಲ. ಹಾಕಿದ ರೊಕ್ಕ ದಂಡ, ಅಷ್ಟೇ.

ಅದೇ 10 ಕಿಲೋ ಸುಟ್ಟ ಸುಣ್ಣವನ್ನು ತಳದಲ್ಲಿ ಒಂದು ಅಡಿ ನೀರು ಉಳಿದಾಗ ಹಾಕಿದರೆ? ಆಗ ನೀರು ಎಪ್ಪತ್ತು ಸಾವಿರ ಲೀಟರ್. ಲೀಟರಿಗೆ 140 ಮಿಲಿಗ್ರಾಂ ಬೀಳುತ್ತದೆ, ಹದಿನಾಲ್ಕು ಪಟ್ಟು. ಸುಣ್ಣದ ತಿಳಿನೀರಿನ ರಸಸಾರ 12ರ ಮೇಲೆ. ಹೊಂಡದಲ್ಲಿ ಉಳಿದ ಮೀನು ಅವತ್ತೇ ತೇಲುತ್ತವೆ. 'ಹೆಕ್ಟೇರಿಗೆ ಇಷ್ಟು' ಅನ್ನುವ ಲೆಕ್ಕದಲ್ಲಿ ಆಳದ ಮಾತೇ ಇಲ್ಲ. ಕೈಪಿಡಿ ಬರೆದವರ ಕೆರೆಯಲ್ಲಿ ವರ್ಷವಿಡೀ ನೀರು ಇರುತ್ತದೆ. ನಮ್ಮ ಹೊಂಡ ಹಸ್ತಿ-ಚಿತ್ತಿ ಮಳೆಗೆ ತುಂಬಿ ಯುಗಾದಿಗೆ ತಳ ಕಾಣುತ್ತದೆ.

ಸುಣ್ಣದಲ್ಲೂ ಜಾತಿ ಇದೆ. ಸುಟ್ಟ ಸುಣ್ಣ, ಅರಳಿಸಿದ ಸುಣ್ಣ ಉರಿಯ ಜಾತಿ, ರಸಸಾರವನ್ನು ಒಮ್ಮೆಲೇ ಎತ್ತುತ್ತವೆ. ಸುಡದ ಸುಣ್ಣಕಲ್ಲಿನ ಪುಡಿ ಸೌಮ್ಯ, ಅದು ನೀರನ್ನು 8.3ರ ಮೇಲೆ ಒಯ್ಯುವುದಿಲ್ಲ. ಅಂಗಡಿಯಲ್ಲಿ 'ಸುಣ್ಣ' ಅಂತ ಕೇಳಿದರೆ ಯಾವುದು ಕೈಗೆ ಸಿಗುತ್ತದೋ ಅದು ಹೊಂಡಕ್ಕೆ ಬೀಳುತ್ತದೆ.

'ರೋಗದ ಹುಳ ಸಾಯಲಿಕ್ಕೆ ಸುಣ್ಣ ಬೇಕು' ಅನ್ನುತ್ತಾರೆ. ಇದರಲ್ಲಿ ಸತ್ಯ ಇದೆ. ನೀರಿಲ್ಲದ ತಳಕ್ಕೆ ಸುಣ್ಣ ಎರಚಿ, ಎರಡು ವಾರ ಬಿಟ್ಟು ನೀರು ತುಂಬುವುದು ಹಳೆಯ ಪದ್ಧತಿ. ಆದರೆ ನಮ್ಮ ಕಡೆ ಚೈತ್ರ-ವೈಶಾಖದ ಬಿಸಿಲಿಗೆ ಹೊಂಡದ ತಳ ಕೈ ಹೋಗುವಷ್ಟು ಬಿರಿಯುತ್ತದೆ. ಹಾಗೆ ಒಣಗಿದ ತಳಕ್ಕಿಂತ ಸ್ವಚ್ಛ ಬೇರೆ ಏನು ಬೇಕು? ಆ ಕೆಲಸ ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ.

ಹುಳಿ ಹಾಕಿ ಇಳಿಸಬಹುದೇ?

ಕ್ಷಾರ ಹೆಚ್ಚಾಯಿತು ಅಂದ ಕೂಡಲೇ 'ಹುಣಸಿಹಣ್ಣು ಕಿವುಚಿ ಹಾಕ್ರಿ', 'ಲಿಂಬಿಹಣ್ಣು ಹಿಂಡ್ರಿ' ಅನ್ನುವವರು ಇದ್ದಾರೆ. ಕೊಡಕ್ಕೆ ಆದೀತು, ಹೊಂಡಕ್ಕೆ ಆಗುವುದಿಲ್ಲ. 12ಕ್ಕೆ 12 ಮೀಟರಿನ, 3 ಮೀಟರು ಆಳದ ಸಣ್ಣ ಹೊಂಡದಲ್ಲಿ ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯಿರಿ. ಆ ನೀರಿನ ಕ್ಷಾರದ ಅಂಶ ಲೀಟರಿಗೆ 400 ಮಿಲಿಗ್ರಾಂ ಇದ್ದರೆ ಒಟ್ಟು ಕ್ಷಾರ 100 ಕಿಲೋ ಆಯಿತು. ಅದರಲ್ಲಿ ಅರ್ಧ ಮುರಿಯಬೇಕಾದರೆ 75 ಕಿಲೋ ಹುಣಸೆ ಆಮ್ಲ ಬೇಕು. ಹಣ್ಣಿನಲ್ಲಿ ಹತ್ತರಲ್ಲಿ ಒಂದು ಪಾಲು ಆಮ್ಲ ಅಂತ ಹಿಡಿದರೂ ಏಳೂವರೆ ಕ್ವಿಂಟಲ್ ಹುಣಸಿಹಣ್ಣು. ಅಷ್ಟು ಹಣ್ಣು ಮಾರಿದರೆ ಮೀನಿಗಿಂತ ಹೆಚ್ಚು ರೊಕ್ಕ ಬರ್ತೈತಿ. ಮೇಲಾಗಿ ಅದು ಹೊಂಡದಲ್ಲಿ ಕೊಳೆತು ಉಸಿರನ್ನೂ ಕಸಿದುಕೊಳ್ಳುತ್ತದೆ.

ಕ್ಷಾರ ಅನ್ನುವುದು ಹೊಂಡದ ಗಂಟು ಇದ್ದ ಹಾಗೆ. ಗಂಟು ದೊಡ್ಡದಿದ್ದರೆ ಚೂರುಪಾರು ಹುಳಿಗೆ ಅದು ಬಗ್ಗುವುದಿಲ್ಲ. ಡಬ್ಬಿಯಲ್ಲಿ ಬರುವ 'ರಸಸಾರ ಇಳಿಸುವ ಪುಡಿ'ಗೂ ಇದೇ ಲೆಕ್ಕ ಹಾಕಿ ನೋಡ್ರಿ. ಎಷ್ಟು ಲೀಟರಿಗೆ ಎಷ್ಟು, ಎಷ್ಟು ದಿವಸ ನಿಲ್ಲುತ್ತದೆ ಅಂತ ಕೇಳಿ, ಆಮೇಲೆ ಕಿಸೆಗೆ ಕೈ ಹಾಕ್ರಿ.

ನಮ್ಮ ಕೈಯಲ್ಲಿರುವ ಉಪಾಯಗಳು

ಮೊದಲನೆಯದು ಹಸಿರಿಗೆ ಕಡಿವಾಣ. ಮಧ್ಯಾಹ್ನ ರಸಸಾರ ಏರಿಸುವುದು ಪಾಚಿ ತಾನೆ? ಅಂಗೈ ಅಡ್ಡ ಮಡಚಿ ಕೈಯನ್ನು ನೀರಿಗೆ ಇಳಿಬಿಡ್ರಿ. ನೀರು ಮೊಳಕೈ ಹತ್ತಿರ ಬರುವವರೆಗೆ ಅಂಗೈ ಮಬ್ಬಾಗಿ ಕಾಣುತ್ತಿದ್ದರೆ ಹದ. ಅರ್ಧ ಮುಂಗೈ ಮುಳುಗುವಷ್ಟರಲ್ಲಿ ಮಾಯವಾದರೆ ಹಸಿರು ಜಾಸ್ತಿ. ಆಗ ಸಗಣಿ, ಯೂರಿಯಾ, ತಿನಿಸು ಎಲ್ಲ ನಾಕೈದು ದಿನ ಬಂದ್ ಮಾಡಬೇಕು. ಕಾಲು ಭಾಗ ನೀರನ್ನು ಹೊಲಕ್ಕೆ ಬಿಡಬೇಕು. ಆ ನೀರು ಗೊಬ್ಬರದ ನೀರು, ಉಳ್ಳಾಗಡ್ಡಿಗೋ ಕಾಯಿಪಲ್ಲೆಗೋ ಬಿಟ್ಟರೆ ವ್ಯರ್ಥ ಆಗುವುದಿಲ್ಲ.

ಎರಡನೆಯದು ನೆರಳು. ಹಿತ್ತಲ ಹೊಂಡಕ್ಕೆ ಇದು ಸುಲಭ. ದಂಡೆಯ ಮೇಲೆ ಹೀರೆ, ಸೋರೆ ಬಳ್ಳಿ ಹಚ್ಚಿ ನೀರಿನ ಕಾಲು ಭಾಗದ ಮೇಲೆ ಚಪ್ಪರ ಹಬ್ಬಿಸಿದರೆ ಪಾಚಿಗೆ ಬಿಸಿಲು ಕಮ್ಮಿ, ನೀರು ಆರುವುದೂ ಕಮ್ಮಿ, ಮನಿಗೆ ಪಲ್ಲೆ.

ಮೂರನೆಯದು ಜಿಪ್ಸಂ. ಇದು ನಮಗೆ ಹೊಸದಲ್ಲ. ಶೇಂಗಾಕ್ಕೆ ಹಾಕುತ್ತೇವೆ, ಕರ್ಲ ಬಿದ್ದ ಹೊಲಕ್ಕೆ ಹಾಕುತ್ತೇವೆ. ಹೊಂಡದಲ್ಲೂ ಅದೇ ಕೆಲಸ. ಅದರ ಸುಣ್ಣದ ಅಂಶವು ನೀರಿನ ಕ್ಷಾರದ ಜೊತೆ ಕೂಡಿ ಕೆಳಗೆ ಕೂಡುತ್ತದೆ, ರಸಸಾರ ಅತಿಯಾಗಿ ಏರದಂತೆ ತಡೆಯುತ್ತದೆ. ತಿಳಿಯಾಗದೆ ತೇಲುವ ಎರಿ ರಾಡಿಯನ್ನೂ ಕೆಳಗೆ ಕೂಡಿಸುತ್ತದೆ. ಆದರೆ ಇಲ್ಲಿಯೂ ಕಣ್ಣು ಮುಚ್ಚಿ ಹಾಕುವಂತಿಲ್ಲ. ನೀರಿನ ಕ್ಷಾರ ಹೆಚ್ಚು, ಗಡಸುತನ ಕಮ್ಮಿ ಇದ್ದರೆ ಮಾತ್ರ ಇದು ಉಪಯೋಗ. ಎರಡರ ಅಂತರ ಲೀಟರಿಗೆ 100 ಮಿಲಿಗ್ರಾಂ ಇದ್ದರೆ 172 ಮಿಲಿಗ್ರಾಂ ಜಿಪ್ಸಂ ಬೇಕು. ಎರಡೂವರೆ ಲಕ್ಷ ಲೀಟರಿನ ಹೊಂಡಕ್ಕೆ 43 ಕಿಲೋ, ಜಿಪ್ಸಂ ಪೂರ್ತಿ ಶುದ್ಧ ಇರುವುದಿಲ್ಲವಾದ್ದರಿಂದ 50 ಕಿಲೋದ ಒಂದು ಚೀಲ ಅನ್ನಿ. ಬ್ಯಾಳಿ ಬೇಯದ ಗಡಸು ನೀರಿಗೆ ಜಿಪ್ಸಂ ಹಾಕಿದರೆ ಪ್ರಯೋಜನ ಇಲ್ಲ. ಮೊದಲು ಹೇಳಿದ ಮೂರು ಸವಳನ್ನು ಬೇರೆ ಮಾಡಿ ತಿಳಿಯಬೇಕು ಅಂದದ್ದು ಇದಕ್ಕೇ.

ಮಸಾರಿ ಹೊಂಡದ ಕತೆ ಬೇರೆ

ಗಜೇಂದ್ರಗಡದ ಗುಡ್ಡದ ಮಗ್ಗಲ ಮಸಾರಿ ಹೊಲದವರಿಗೆ ನಮ್ಮ ಎರಿ ಮಾತು ಹೊಂದುವುದಿಲ್ಲ. ಅಲ್ಲಿ ನೀರು ನಿಲ್ಲಲು ಪ್ಲಾಸ್ಟಿಕ್ ಹಾಸಲೇಬೇಕು. ಹಾಸಿದ ಮೇಲೆ ನೀರಿಗೂ ಮಣ್ಣಿಗೂ ಸಂಬಂಧವಿಲ್ಲ. ಹೊಂಡದಲ್ಲಿರುವುದು ಹೆಚ್ಚು ಪಾಲು ಮಳೆ ನೀರು. ಮಳೆ ನೀರಿನಲ್ಲಿ ಕ್ಷಾರದ ಗಂಟೇ ಇಲ್ಲ. ಗಂಟಿಲ್ಲದವನು ಸಣ್ಣ ಖರ್ಚಿಗೂ ತತ್ತರಿಸುವ ಹಾಗೆ, ಆ ನೀರು ಸ್ವಲ್ಪ ಪಾಚಿಗೂ ಮೇಲಕ್ಕೆ ಹಾರುತ್ತದೆ, ಸ್ವಲ್ಪ ಕೊಳೆತಕ್ಕೂ ಕೆಳಕ್ಕೆ ಬೀಳುತ್ತದೆ. ರಾಡಿ ಕೂಡಿಸಲು ಪಟಿಕ ಹಾಕಿದರಂತೂ ಇದ್ದಬದ್ದ ಕ್ಷಾರವೂ ಕರಗಿ ನೀರು ಹುಳಿಯಾಗುತ್ತದೆ.

ಅಂಥವರಿಗೆ ಸುಣ್ಣಕಲ್ಲಿನ ಪುಡಿ ಬೇಕು. ಅಥವಾ ಅದಕ್ಕಿಂತ ಅಗ್ಗದ ದಾರಿ ಇದೆ. ಎಲ್ಲರೂ ಬೈಯುವ ಬೋರಿನ ಸವಳು ನೀರು. ಮೂರು ಪಾಲು ಮಳೆ ನೀರಿಗೆ 400 ಮಿಲಿಗ್ರಾಂ ಕ್ಷಾರದ ಬೋರಿನ ನೀರು ಒಂದು ಪಾಲು ಕೂಡಿಸಿದರೆ ಹೊಂಡದ ಕ್ಷಾರ 100ರ ಆಸುಪಾಸು ಬರುತ್ತದೆ. ಮೀನಿಗೆ 50ರಿಂದ 150 ಬೇಕು. ಸವಳು ಇಲ್ಲಿ ವೈರಿಯಲ್ಲ, ಔಷಧ. ಉಪ್ಪು ಎಷ್ಟಿದೆ ಅಂತ ಮಾತ್ರ ನೋಡಿಕೊಳ್ಳಬೇಕು, ಯಾಕಂದ್ರ ಅದೇ ನೀರು ನಾಳೆ ಬೆಳಿಗೂ ಹೋಗಬೇಕು.

ಈಗ ಹೇಳ್ರಿ, ಎರಿ ಹೊಂಡಕ್ಕೆ ಒಂದು, ಮಸಾರಿ ಹೊಂಡಕ್ಕೆ ಒಂದು. ಎರಡೂ ಊರಿನ ನಡುವೆ ಒಂದು ತಾಸಿನ ಬಸ್ಸಿನ ದಾರಿ. ಇಬ್ಬರ ಕೈಗೂ ಕೊಡುವುದು ಒಂದೇ ಕೈಪಿಡಿ.

ಮರಿ ಬಿಡುವ ಹೊತ್ತು

ಮರಿ ಸತ್ತರೆ ಮರಿ ಕೊಟ್ಟವರನ್ನು ಬೈಯುವುದು ರೂಢಿ. ತುಂಗಭದ್ರಾ ಡ್ಯಾಮಿನ ಕಡೆಯಿಂದಲೋ ಬೇರೆ ಕಡೆಯಿಂದಲೋ ಮುಂಜಾನೆ ಹೊರಟ ಗಾಡಿ ನಮ್ಮೂರು ಮುಟ್ಟುವಾಗ ಬಿಸಿಲು ಏರಿರುತ್ತದೆ. ಚೀಲದ ನೀರಿನ ರಸಸಾರ 7ರ ಸುತ್ತ, ಹೊಂಡದ್ದು ಆ ಹೊತ್ತಿಗೆ 9ರ ಮೇಲೆ. ಬಿಚ್ಚಿ ಸುರಿದರೆ ಮರಿಗೆ ನೂರು ಪಟ್ಟಿನ ಏಟು. ಆದಷ್ಟು ಸಂಜೆ ಗಾಡಿ ಹೊರಡಿಸಿ, ನಸುಕಿನಲ್ಲಿ ಬಿಡಬೇಕು. ಆಗ ಹೊಂಡದ ರಸಸಾರ ಕೆಳಗಿರುತ್ತದೆ, ನೀರೂ ತಂಪು. ಚೀಲವನ್ನು ಹದಿನೈದು-ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಹೊಂಡದ ನೀರನ್ನು ಬೊಗಸೆ ಬೊಗಸೆಯಾಗಿ ಚೀಲಕ್ಕೆ ಕೂಡಿಸುತ್ತ ಮರಿಗಳನ್ನು ರೂಢಿ ಮಾಡಿ ಬಿಡಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎಷ್ಟು ಬಿಡಬೇಕು ಅನ್ನುವುದೂ ಇದಕ್ಕೇ ಸಂಬಂಧಿಸಿದ್ದು. ಹೆಕ್ಟೇರಿಗೆ 5000 ಮರಿ ಲೆಕ್ಕದಲ್ಲಿ ದೊಡ್ಡ ಕೃಷಿ ಹೊಂಡಕ್ಕೆ 220 ಮರಿ ಸಾಕು. ಸಾವಿರ ಬಿಟ್ಟು ಸಾವಿರಕ್ಕೂ ತಿನಿಸು ಹಾಕಿದರೆ ಕೊಳೆತ ಹೆಚ್ಚಿ ಅಮೋನಿಯಾ ಹೆಚ್ಚುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ದಿನಕ್ಕೆ 6-8 ಮಿಲಿಮೀಟರ್ ನೀರು ಆರಿ ಹೋಗುತ್ತದೆ. ನೀರು ಅರ್ಧ ಆದರೆ ಉಪ್ಪು ದುಪ್ಪಟ್ಟು. ಆದ್ದರಿಂದ ಬಲಿತ ಮರಿ ಬಿಟ್ಟು ಶಿವರಾತ್ರಿ ದಾಟುತ್ತಲೇ ಹಿಡಿದು ಮಾರುವುದು ಲೇಸು.

ಮೀನು ಬೇಡದವರಿಗೂ ಬೇಕಾದ ಅಂಕಿ

'ನಾವು ಮೀನಿನ ಗೊಡವಿಗೆ ಹೋಗೂದಿಲ್ಲ' ಅನ್ನುವವರೂ ಇದನ್ನು ಓದಬೇಕು. ಮೆಣಸಿನಗಿಡಕ್ಕೆ, ಕಡಲಿಗೆ ಔಷಧ ಹೊಡೆಯುವಾಗ ಇದೇ ಹೊಂಡದ ನೀರನ್ನು ಪಂಪಿಗೆ ತುಂಬುತ್ತೇವೆ. ಮೆಲಾಥಿಯಾನ್, ಡೈಮಿಥೋಯೇಟ್ ಅಂಥ ಕೆಲವು ಔಷಧಗಳು ಕ್ಷಾರದ ನೀರಿನಲ್ಲಿ ಬೇಗ ಒಡೆದು ಬಲ ಕಳೆದುಕೊಳ್ಳುತ್ತವೆ. ಮಧ್ಯಾಹ್ನದ 9ರ ನೀರಿನಲ್ಲಿ ಕಲಸಿ, ಊಟ ಮಾಡಿ ಬಂದು ಸಂಜೆ ಹೊಡೆದರೆ ಹುಳ ಸಾಯುವುದಿಲ್ಲ. ಆಗ 'ಔಷಧ ಖೋಟಾ' ಅಂತ ಅಂಗಡಿಯವನ ಜೊತೆ ಜಗಳ, ಇಲ್ಲವೇ ಎರಡು ಪಟ್ಟು ಹೊಡೆಯುವುದು. ನಸುಕಿನ ನೀರು ತೆಗೆದು ಕಲಸಿದ ಕೂಡಲೇ ಹೊಡೆಯುವುದು ಜಾಣತನ. ಪಂಪು, ಡಬ್ಬಿ ಮಾತ್ರ ಹೊಂಡದಲ್ಲಿ ತೊಳೆಯಬ್ಯಾಡ್ರಿ. ಸೈಪರ್‌ಮೆಥ್ರಿನ್ ಜಾತಿಯ ಔಷಧದ ಸ್ವಲ್ಪ ಅಂಶಕ್ಕೂ ಮೀನು ಉಳಿಯುವುದಿಲ್ಲ.

ಅಳೆಯುವುದು ಹೇಗೆ?

ರಸಸಾರದ ಕಾಗದ ಸಿಗುತ್ತದೆ, ಬಣ್ಣ ನೋಡಿ ಅಂಕಿ ತಿಳಿಯಬಹುದು. ಕಿಸೆಯಲ್ಲಿ ಹಿಡಿಯುವ ಮೀಟರೂ ಬಂದಿದೆ. ಮೀಟರು ಕೊಂಡರೆ ಅದನ್ನು ಸರಿಪಡಿಸುವ 7 ಮತ್ತು 9.2ರ ಪುಡಿಯನ್ನೂ ಕೊಳ್ಳಬೇಕು, ಇಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಅದು ಸುಳ್ಳು ಹೇಳುತ್ತದೆ. ಏನೂ ಇಲ್ಲದವರು ಬಿಳಿ ಕಾಗದಕ್ಕೆ ಅರಿಷಿಣ ನೀರು ಹಚ್ಚಿ ಒಣಗಿಸಿ, ಮಧ್ಯಾಹ್ನ ಹೊಂಡದಲ್ಲಿ ಅದ್ದಿ ನೋಡಲಿ. ಅರಿಷಿಣಕ್ಕೆ ಸುಣ್ಣ ಕೂಡಿದರೆ ಕುಂಕುಮದ ಬಣ್ಣ ಬರುವುದು ಎಲ್ಲರಿಗೂ ಗೊತ್ತು. ಹಳದಿ ಉಳಿದರೆ ಚಿಂತೆ ಇಲ್ಲ, ಕೆಂಪಗೆ ತಿರುಗಿದರೆ ರಸಸಾರ ಎಂಟೂವರೆ ದಾಟಿದೆ ಎನ್ನುವ ಎಚ್ಚರಿಕೆ. ಇದು ಪರೀಕ್ಷೆ ಅಲ್ಲ, ಸುಳಿವು ಮಾತ್ರ. ಕ್ಷಾರ, ಗಡಸು, ಉಪ್ಪು ತಿಳಿಯಬೇಕಾದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೋ ಧಾರವಾಡದ ಕೃಷಿ ವಿಶ್ವವಿದ್ಯಾಲಯವೋ ಕೇಳಬೇಕು.

ನೀರಿನ ಗುಣವನ್ನೂ ಕೇಳೋಣ

ನೀರಿಗಾಗಿ ನಮ್ಮಷ್ಟು ಬಡಿದಾಡಿದವರು ಕಮ್ಮಿ. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತದ್ದು, ಗುಂಡಿಗೆ ಜೀವ ಕೊಟ್ಟದ್ದು ರಾಜ್ಯಕ್ಕೇ ಗೊತ್ತು. 2015ರಿಂದ ಕಳಸಾ-ಬಂಡೂರಿಗಾಗಿ ಅದೇ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. ಅದನ್ನೆಲ್ಲ ನಾನು ಸಣ್ಣದು ಮಾಡುವುದಿಲ್ಲ. ಆದರೆ ನೀರು ಎಷ್ಟು ಅಂತ ಕೇಳಿದಷ್ಟು ಜೋರಾಗಿ, ನೀರು ಎಂಥಾದ್ದು ಅಂತ ನಾವು ಕೇಳಲಿಲ್ಲ. ಕಾಲುವೆ ಬಂದ ಕಡೆ ಸವಳು-ಜವಳು ಎದ್ದು ಹೊಲ ಕೆಟ್ಟಾಗಲೂ ತಡವಾಗಿ ಎಚ್ಚರಾದೆವು. ಹೊಂಡದ ವಿಷಯದಲ್ಲಾದರೂ ಮೊದಲೇ ಕೇಳೋಣ.

ನನ್ನ ಬೇಡಿಕೆ ದೊಡ್ಡದಲ್ಲ. 2015ರಲ್ಲಿ ಮಣ್ಣಿಗೆ ಆರೋಗ್ಯ ಚೀಟಿ ಬಂತು. ಹೊಂಡಕ್ಕೆ ಸಹಾಯಧನ ಕೊಡುವಾಗ ನೀರಿಗೂ ಅಂಥದೊಂದು ಚೀಟಿ ಕೊಡಲಿ. ಅದರಲ್ಲಿ ರಸಸಾರ, ಕ್ಷಾರ, ಗಡಸು, ಉಪ್ಪು ಈ ನಾಕು ಅಂಕಿ ಇರಲಿ. ಎರಿ ಸೀಮೆಗೆ ಒಂದು, ಮಸಾರಿಗೆ ಒಂದು ಬೇರೆ ಬೇರೆ ಕೈಪಿಡಿ ಬರಲಿ. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಮೀಟರು ಇಟ್ಟು, ಬಾಟಲಿಯಲ್ಲಿ ನೀರು ತಂದವರಿಗೆ ಅಲ್ಲೇ ಅಂಕಿ ಹೇಳಲಿ. ಲಕ್ಷಗಟ್ಟಲೆ ಹೊಂಡಕ್ಕೆ ಸುರಿಯುವ ಸರಕಾರಕ್ಕೆ ಇದು ಚಿಲ್ಲರೆ ಖರ್ಚು.

ನಾವೂ ಸರಕಾರದ ದಾರಿ ಕಾಯುತ್ತ ಕೂಡಬೇಕಾಗಿಲ್ಲ. ಒಂದೂರಲ್ಲಿ ಹತ್ತು ಹೊಂಡ ಇದ್ದರೆ ಹತ್ತು ಮಂದಿ ಕೂಡಿ ಒಂದು ಮೀಟರು ತರಬಹುದು. ಮಕ್ಕಳ ಹಳೆ ನೋಟುಬುಕ್ಕಿನಲ್ಲಿ ವಾರಕ್ಕೊಮ್ಮೆ ನಸುಕಿನ ಅಂಕಿ, ಮಧ್ಯಾಹ್ನದ ಅಂಕಿ, ನೀರಿನ ಆಳ ಬರೆದಿಡಬಹುದು. ರಸಸಾರ ಅನ್ನುವ ಶಬ್ದ ಕೇಳಿ ಅಂಜಬ್ಯಾಡ್ರಿ. ಏಳನೇ ಇಯತ್ತೆ ಕಲಿತವನಿಗೆ ತಿಳಿದದ್ದು ಎಲ್ಲರಿಗೂ ತಿಳಿಯುತ್ತದೆ. ಅಂಥ ಒಂದು ವರ್ಷದ ಪುಸ್ತಕ ಕೈಯಲ್ಲಿದ್ದರೆ, ಸುಣ್ಣ ಹಾಕ್ರಿ ಅನ್ನುವವರಿಗೆ 'ಯಾಕ್ರಿ?' ಅಂತ ಕೇಳುವ ಧೈರ್ಯ ತಾನಾಗಿ ಬರುತ್ತದೆ. ಹೊಂಡ ಇರುವ ಬೇರೆ ತಾಲೂಕಿನ ರೈತರೂ ತಮ್ಮ ನೀರಿನ ಅಂಕಿ ಅಳೆದು ಈ ಪತ್ರಿಕೆಗೆ ಬರೆಯಲಿ. ನಾಕು ಊರಿನ ಅಂಕಿ ಒಂದೆಡೆ ಕೂಡಿದರೆ ನಮ್ಮ ಸೀಮೆಗೆ ಹೊಂದುವ ಕೈಪಿಡಿಯನ್ನು ನಾವೇ ಬರೆಯಬಹುದು.